ತಗಡಿಗೆ ಹೊಸ ತೂತು ಬೇಡ

ಮಗಳೇ,

ತಾತನ ಅಂಗಡಿಯ ಬೋರ್ಡನ್ನೂ, ಅದರ ಜೊತೆ ಅಟ್ಟದಲ್ಲಿ ಬಿದ್ದಿದ್ದ ಉಳಿದ ತಗಡುಗಳನ್ನೂ ಬೆಂಗಳೂರಿನ ನಿನ್ನ ಹೊಸ ಫ್ಲ್ಯಾಟಿನ ಗೋಡೆಗೆ ಹಾಕಿಸುತ್ತೇನೆ ಅಂದೆಯಲ್ಲ, ಕೇಳಿ ತುಂಬ ಸಂತೋಷವಾಯಿತು. ಇಂಥವನ್ನು ಗುಜರಿಯವನ ತಕ್ಕಡಿಗೆ ಹಾಕದೆ ಮನೆಯೊಳಗೆ ತಂದುಕೊಳ್ಳುವವರು ಕಡಿಮೆ. ಆದರೆ ಡ್ರಿಲ್ಲಿನ ಹುಡುಗನನ್ನು ಕರೆಸುವ ಮೊದಲು ಈ ದೊಡ್ಡಪ್ಪನ ಮಾತು ಸ್ವಲ್ಪ ಕೇಳು. ಫೋಟೋ ಫ್ರೇಮಿನ ಅಂಗಡಿಯಲ್ಲೇ ಬಾಳು ಸವೆಸಿದವನು ನಾನು. ಬೀದಿಯಲ್ಲಿ ಹತ್ತಾರು ವರ್ಷ ಬಿಸಿಲು ಮಳೆ ತಡೆದುಕೊಂಡ ಬೋರ್ಡು ಮನೆಯೊಳಗೆ ಬಂದು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಿಂದಿನಿಂದ ತುಕ್ಕು ತಿಂದು ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಬೀದಿಯಲ್ಲಿ ಅದರ ಹಿಂದೆ ಮುಂದೆ ಗಾಳಿಯಾಡುತ್ತಿತ್ತು. ಮನೆಯಲ್ಲಿ ಗೋಡೆಗೆ ಒತ್ತಿ ಬಡಿದಿದ್ದರು.

ನಾನು ಹೇಳಬೇಕಾದದ್ದರ ತಿರುಳು ಇಷ್ಟು: ತಗಡಿಗೆ ಹೊಸ ತೂತು ಕೊರೆಯಬೇಡ, ಗೋಡೆಗೆ ತಾಗಿಸಬೇಡ, ಯಾವುದಕ್ಕೂ ಅಂಟಿಸಬೇಡ. ಯಾವಾಗ ಬೇಕಾದರೂ ಇಬ್ಬರು ಹಿಡಿದು ಇಳಿಸಿ, ಹಿಂದೆ ಒರೆಸಿ, ಮತ್ತೆ ಏರಿಸುವ ಹಾಗಿರಲಿ. ಮುಂದೆ ಹೇಳುವುದೆಲ್ಲ ಇದನ್ನು ಹೇಗೆ ಮಾಡುವುದು ಅನ್ನುವ ವಿವರ.

ಮೊದಲು ನಿನ್ನ ಹತ್ತಿರ ಇರುವುದು ಏನು ಅಂತ ತಿಳಿದುಕೊ. ನೀನು ಕಳಿಸಿದ ಫೋಟೋಗಳಲ್ಲಿ ಮೂರು ಬಗೆ ಕಾಣುತ್ತಿವೆ. ಉದ್ದನೆಯ ಅಂಗಡಿ ಬೋರ್ಡು ಮರದ ರೀಪರ್ ಪಟ್ಟಿಗಳ ಚೌಕಟ್ಟಿಗೆ ಬಡಿದ ಜಿ.ಐ. ತಗಡು, ಅಂದರೆ ಸತು ಲೇಪಿಸಿದ ಕಬ್ಬಿಣ, ಅದರ ಮೇಲೆ ಪೇಂಟರ್ ಕೈಯಲ್ಲಿ ಬರೆದದ್ದು. ನೀಲಿ ಬಣ್ಣದ ಚಹಾ ಜಾಹೀರಾತಿನ ಫಲಕ ಬೇರೆಯೇ ಜಾತಿ. ಅದು ಬ್ರಷ್ಷಿನಿಂದ ಬಳಿದ ಬಣ್ಣವಲ್ಲ, ಕಬ್ಬಿಣದ ಹಾಳೆಯ ಮೇಲೆ ಗಾಜಿನ ಪುಡಿ ಹರಡಿ ಸುಮಾರು 800 ಡಿಗ್ರಿ ಕಾವಿನ ಒಲೆಯಲ್ಲಿ ಕರಗಿಸಿ ಕೂಡಿಸಿದ ಪಿಂಗಾಣಿ ಲೇಪ. ಬ್ರಿಟಿಷರ ಕಾಲದಲ್ಲಿ ಬ್ರೂಕ್ ಬಾಂಡ್, ಲಿಪ್ಟನ್ ಚಹಾದ ಫಲಕಗಳು ಹೀಗೇ ಇರುತ್ತಿದ್ದವು. ಮೂರನೆಯವು ಅಂಗೈ ಅಗಲದಿಂದ ಹಿಡಿದು ಪುಸ್ತಕದ ಗಾತ್ರದವರೆಗಿನ ಸಣ್ಣ ತಗಡುಗಳು: ದೇವರ ಚಿತ್ರ, ಹೂಬಳ್ಳಿ, ಗಾಡಿಯ ಹಿಂದಿನ ನವಿಲು.

ಅಡುಗೆಮನೆಯ ಫ್ರಿಜ್ಜಿನ ಮೇಲಿಂದ ಒಂದು ಮ್ಯಾಗ್ನೆಟ್ ತೆಗೆದು ಪ್ರತಿಯೊಂದರ ಹಿಂಬದಿಗೆ ಮೆಲ್ಲಗೆ ಹಿಡಿದು ನೋಡು. ಕಚ್ಚಿದರೆ ಕಬ್ಬಿಣ. ಕಚ್ಚದಿದ್ದರೆ ಅಲ್ಯೂಮಿನಿಯಂ, ತಾಮ್ರ ಅಥವಾ ಹಿತ್ತಾಳೆ. ಯಾವ ಸ್ಕ್ರೂ ಹಾಕಬೇಕು, ಮ್ಯಾಗ್ನೆಟ್ಟಿನಿಂದ ನಿಲ್ಲಿಸಬಹುದೇ ಇಲ್ಲವೇ ಅನ್ನುವುದೆಲ್ಲ ಇದರ ಮೇಲೆ ನಿಂತಿದೆ.

ಆಮೇಲೆ ತೂಕ. ಒಂದು ಮಿಲಿಮೀಟರ್ ದಪ್ಪದ ಕಬ್ಬಿಣದ ಹಾಳೆ ಒಂದು ಚದರ ಮೀಟರಿಗೆ 7.85 ಕೆಜಿ ತೂಗುತ್ತದೆ, ಅಲ್ಯೂಮಿನಿಯಂ ಆದರೆ 2.7 ಕೆಜಿ. ತಾತನ ಬೋರ್ಡು ಆರು ಅಡಿ ಉದ್ದ, ಎರಡು ಅಡಿ ಅಗಲ. 24 ಗೇಜಿನ ತಗಡು ಅಂದರೆ ಅರ್ಧ ಮಿಲಿಮೀಟರಿಗಿಂತ ಕೊಂಚ ಹೆಚ್ಚು ದಪ್ಪ. ಲೆಕ್ಕ ಹಾಕಿದರೆ ತಗಡೊಂದೇ ಐದು ಕೆಜಿಯ ಹತ್ತಿರ ಬರುತ್ತದೆ, ರೀಪರ್ ತೂಕ ಬೇರೆ. ಚಹಾದ ಫಲಕ ನೋಡಲು ಅದರ ಅರ್ಧದಷ್ಟಿದ್ದರೂ ಹಾಳೆ ದಪ್ಪ, ಮೇಲೆ ಗಾಜು, ಆರೇಳು ಕೆಜಿ ಇದ್ದೀತು. ತೆಳ್ಳಗಿದೆ ಅಂತ ಒಂದು ಮೊಳೆಯ ಮೇಲೆ ನಂಬಿಕೆ ಇಡಬೇಡ.

ಈಗ ಅಂಗಡಿ ಬೋರ್ಡನ್ನು ನೆಲದ ಮೇಲೆ ಹಳೇ ಕಂಬಳಿ ಹಾಸಿ, ಮುಖ ಕೆಳಗೆ ಮಾಡಿ ಮಲಗಿಸು. ಹಿಂಬದಿಯನ್ನು ನಿಧಾನವಾಗಿ ಓದು. ರೀಪರಿನ ಮೂಲೆಗಳಲ್ಲಿ ಮಣ್ಣಿನ ಗೆರೆ ಇದ್ದರೆ ಗೆದ್ದಲು. ಉಗುರಿನಿಂದ ಒತ್ತಿದಾಗ ಮರ ತಗ್ಗಿದರೆ ಅದರ ಕಾಲ ಮುಗಿದಿದೆ. ಮೊಳೆಯ ಸುತ್ತ ಕಿತ್ತಳೆ ಬಣ್ಣದ ವರ್ತುಲ ಕಾಣುತ್ತದೆಯೇ ನೋಡು, ತುಕ್ಕು ಹುಟ್ಟುವುದೇ ಅಲ್ಲಿ. ಮೊಳೆ ಬಡಿದಾಗ ಸತುವಿನ ಲೇಪ ಹರಿದು ಒಳಗಿನ ಕಬ್ಬಿಣ ಬಯಲಾಗಿರುತ್ತದೆ, ಮರ ತೇವ ಹಿಡಿದಿಟ್ಟುಕೊಂಡು ಅದಕ್ಕೆ ಉಣಿಸುತ್ತಾ ಇರುತ್ತದೆ. ಆಮೇಲೆ ಬೋರ್ಡನ್ನು ತಿರುಗಿಸಿ ಅದೇ ಮೊಳೆಯ ಜಾಗವನ್ನು ಮುಂದಿನಿಂದ ನೋಡು. ಬಣ್ಣ ಸಣ್ಣ ಗುಳ್ಳೆಯಂತೆ ಉಬ್ಬಿದ್ದರೆ ಕೆಳಗೆ ತುಕ್ಕು ಎದ್ದಿದೆ ಅಂತ ಅರ್ಥ. ಆ ಗುಳ್ಳೆಯನ್ನು ಬೆರಳಲ್ಲಿ ಒತ್ತಬೇಡ, ಒತ್ತಿದ ಕ್ಷಣ ಅಕ್ಷರದ ಒಂದು ತುಣುಕು ಕೈಗೆ ಬಂದುಬಿಡುತ್ತದೆ.

ಬೋರ್ಡನ್ನು ಕಿಟಕಿಗೆ ಓರೆಯಾಗಿ ಹಿಡಿದರೆ ಇನ್ನೂ ಒಂದು ಕಾಣಬಹುದು. ಅಕ್ಷರಗಳ ತಲೆಕಟ್ಟಿನ ಮೇಲೆ, ಬುಡದ ಕೆಳಗೆ, ಪೇಂಟರ್ ದಾರಕ್ಕೆ ಸುಣ್ಣದಪುಡಿ ಹಚ್ಚಿ ಮೀಟಿ ಹಾಕಿದ ಗೆರೆಯ ಗುರುತು ಕೆಲವು ಬೋರ್ಡುಗಳಲ್ಲಿ ಇನ್ನೂ ಉಳಿದಿರುತ್ತದೆ. ಒತ್ತಕ್ಷರ ಇಳಿಯುವಷ್ಟು ಜಾಗ ಬಿಟ್ಟು, ಇಡೀ ಹೆಸರು ಬೋರ್ಡಿನ ನಡುವೆ ಕೂರುವ ಹಾಗೆ ಕಣ್ಣಳತೆಯಲ್ಲೇ ಹಂಚಿದ ಕೈ ಅದು. ಹೊಳಪು ಬರಿಸುತ್ತೇನೆ ಅಂತ ಉಜ್ಜಿದರೆ ಮೊದಲು ಹೋಗುವುದು ಇಂಥ ಗುರುತುಗಳೇ.

ರೀಪರ್ ಗಟ್ಟಿಯಿದ್ದರೆ ಅದನ್ನೇ ಉಳಿಸಿಕೊ, ಅದೂ ಬೋರ್ಡಿನ ಭಾಗ. ಗೆದ್ದಲು ತಿಂದಿದ್ದರೆ ಬಡಗಿಯಿಂದ ಹೊಸದು ಮಾಡಿಸು, ಆದರೆ ಮೊಳೆಗಳನ್ನು ಮುಂದಿನಿಂದ ಕೀಳಿಸಬೇಡ. ಹಿಂದಿನ ಮರವನ್ನೇ ಸೀಳಿ ತೆಗೆದರೆ ಮೊಳೆ ತಾನಾಗಿ ಸಡಿಲವಾಗುತ್ತದೆ, ಬಣ್ಣಕ್ಕೆ ಪೆಟ್ಟಾಗದು. ಹೊಸ ಚೌಕಟ್ಟಿಗೆ ಚೆನ್ನಾಗಿ ಒಣಗಿದ ಮರ ಬೇಕು, ಎಂ.ಡಿ.ಎಫ್. ಹಲಗೆ ಬೇಡ. ಅದರ ಅಂಟಿನಿಂದ ಹೊರಡುವ ಆವಿ ಕಾಲಾಂತರದಲ್ಲಿ ಲೋಹವನ್ನು ಕೆಡಿಸುತ್ತದೆ, ತೇವ ತಗಲಿದರೆ ಹಲಗೆಯೂ ಉಬ್ಬುತ್ತದೆ. ತೇಗ ಕೂಡ ಸ್ವಲ್ಪ ಆಮ್ಲ ಬಿಡುವ ಮರವೇ. ಹಾಗಾಗಿ ಯಾವ ಮರವೇ ಆಗಲಿ, ತಗಡಿಗೂ ಮರಕ್ಕೂ ನಡುವೆ ಒಂದು ತೆರೆ ಇರಲಿ. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಪಾರದರ್ಶಕ ಓ.ಎಚ್.ಪಿ. ಹಾಳೆಯನ್ನು ಪಟ್ಟಿಯಾಗಿ ಕತ್ತರಿಸಿ ಹಾಕಿದರೂ ಸಾಕು.

ಹೊಸ ಚೌಕಟ್ಟಿಗೆ ತಗಡು ಕೂರಿಸುವಾಗ ಹಳೆಯ ಮೊಳೆಯ ತೂತುಗಳನ್ನೇ ಬಳಸು. ಕಬ್ಬಿಣದ ತಗಡಾದರೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ, ಅದರ ಕೆಳಗೆ ನೈಲಾನ್ ವಾಷರ್. ಚೆಂದ ಕಾಣುತ್ತದೆ ಅಂತ ಹಿತ್ತಾಳೆ ಸ್ಕ್ರೂ ಹಾಕಿಸಬೇಡ. ಎರಡು ಬೇರೆ ಲೋಹಗಳ ನಡುವೆ ಒಂದಿಷ್ಟು ತೇವ ಕೂತರೆ ಸಣ್ಣ ವಿದ್ಯುತ್ ಕೋಶವೇ ಹುಟ್ಟಿಕೊಂಡು ಕಬ್ಬಿಣ ಬೇಗ ಸವೆಯುತ್ತದೆ. ಸ್ಟೀಲ್ ಸ್ಕ್ರೂ ಕೆಳಗೂ ನೈಲಾನ್ ವಾಷರ್ ಬೇಕು ಅನ್ನುವುದು ಅದಕ್ಕೇ. ಸ್ಕ್ರೂ ಎಷ್ಟು ಬಿಗಿಯಬೇಕು ಅಂದರೆ, ಕೊನೆಗೆ ಬೆರಳಿನಿಂದ ತಿರುಗಿಸಿದರೆ ವಾಷರ್ ಕಷ್ಟಪಟ್ಟಾದರೂ ತಿರುಗಬೇಕು. ಅದಕ್ಕಿಂತ ಬಿಗಿದರೆ ತಗಡು ಉಸಿರಾಡುವುದಿಲ್ಲ. ಆರು ಅಡಿ ಕಬ್ಬಿಣದ ಹಾಳೆ ಬೆಳಗಿನ ತಂಪಿನಿಂದ ಮಧ್ಯಾಹ್ನದ ಕಾವಿಗೆ 20 ಡಿಗ್ರಿ ಏರಿದರೆ ಸುಮಾರು ಅರ್ಧ ಮಿಲಿಮೀಟರ್ ಉದ್ದವಾಗುತ್ತದೆ, ಅಲ್ಯೂಮಿನಿಯಂ ಆದರೆ ಹೆಚ್ಚುಕಡಿಮೆ ಅದರ ಎರಡರಷ್ಟು. ಹಿಗ್ಗಲು ಜಾಗವಿಲ್ಲದಿದ್ದರೆ ಹಾಳೆಯ ನಡುಭಾಗ ಉಬ್ಬಿ ಟಪ್ ಅಂತ ಸದ್ದು ಮಾಡುತ್ತದೆ. ಹಾಗೆ ಉಬ್ಬಿ ತಗ್ಗಿ ಉಬ್ಬಿ ತಗ್ಗಿ ಒಣಗಿದ ಹಳೇ ಬಣ್ಣ ಬಿರುಕು ಬಿಡುತ್ತದೆ. ಮೇಲಿನ ಸಾಲಿನ ಸ್ಕ್ರೂಗಳು ಭಾರ ಹೊರಲಿ, ಕೆಳಗಿನವು ಬರೀ ಹಿಡಿದುಕೊಂಡಿದ್ದರೆ ಸಾಕು.

ಗೋಡೆಗೆ ಏರಿಸುವ ವಿಧಾನಗಳಲ್ಲಿ ನನಗೆ ಅತ್ಯಂತ ನಂಬಿಕೆಯದು ಓರೆ ಪಟ್ಟಿ. ಮುಕ್ಕಾಲು ಇಂಚು ದಪ್ಪದ, ನಾಲ್ಕೈದು ಇಂಚು ಅಗಲದ ಒಳ್ಳೆ ಪ್ಲೈವುಡ್ ತುಂಡನ್ನು ಬಡಗಿ ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಸೀಳಿಕೊಡುತ್ತಾನೆ. ಎರಡು ಪಟ್ಟಿಯಾಗುತ್ತದೆ. ಒಂದನ್ನು ಗೋಡೆಗೆ ಬಿಗಿ. ಅದರ ಓರೆ ಅಂಚು ಮೇಲಿರಬೇಕು, ಇಳಿಜಾರು ಗೋಡೆಯ ಕಡೆಗಿರಬೇಕು, ಆಗ ಪಟ್ಟಿಗೂ ಗೋಡೆಗೂ ನಡುವೆ ಒಂದು ಸಂದು ಉಳಿಯುತ್ತದೆ. ಇನ್ನೊಂದನ್ನು ತಲೆಕೆಳಗಾಗಿ ಬೋರ್ಡಿನ ಚೌಕಟ್ಟಿನ ಹಿಂದೆ ಮೇಲ್ಭಾಗಕ್ಕೆ ಬಿಗಿ. ಬೋರ್ಡನ್ನು ಎತ್ತಿ ಸಂದಿಗೆ ಇಳಿಸಿದರೆ ಆಯಿತು, ತನ್ನ ಭಾರಕ್ಕೇ ಅದು ಗೋಡೆಯ ಕಡೆಗೆ ಎಳೆದುಕೊಂಡು ಕೂರುತ್ತದೆ. ತೂಕ ಎರಡು ಮೊಳೆಯ ಮೇಲೆ ಬೀಳದೆ ಪಟ್ಟಿಯುದ್ದಕ್ಕೂ ಹಂಚಿಹೋಗುತ್ತದೆ. ಅತ್ತಿತ್ತ ಸರಿಸಿ ಸರಿಮಾಡಬಹುದು. ಇಳಿಸಬೇಕಾದಾಗ ಸ್ಕ್ರೂಡ್ರೈವರ್ ಬೇಡ, ಮೇಲಕ್ಕೆತ್ತಿದರೆ ಬಂತು. ಎಲ್ಲಕ್ಕಿಂತ ಮುಖ್ಯವಾಗಿ, ಪಟ್ಟಿಯ ದಪ್ಪದಷ್ಟು ಜಾಗ ಬೋರ್ಡಿನ ಹಿಂದೆ ತಾನಾಗಿ ಉಳಿಯುತ್ತದೆ. ಕೆಳಗಿನ ಎರಡು ಮೂಲೆಗೆ ಅಷ್ಟೇ ದಪ್ಪದ ಎರಡು ಗುಬುಟು ಕೊಡಿಸಲು ಮರೆಯಬೇಡ, ಇಲ್ಲದಿದ್ದರೆ ಬೋರ್ಡು ಕೆಳಗೆ ಒಳಬಾಗುತ್ತದೆ.

ಹಿಂದಿನ ಈ ಜಾಗದ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳುತ್ತೇನೆ, ಯಾಕೆಂದರೆ ಕೇಳಿದವರೆಲ್ಲ ಇದನ್ನೇ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಮಳೆಗಾಲದಲ್ಲಿ ಹೊರಗೋಡೆ ರಾತ್ರಿ ತಣ್ಣಗಾಗುತ್ತದೆ. ಅದಕ್ಕೆ ಅಂಟಿಕೊಂಡ ತಗಡೂ ಅದರ ಜೊತೆ ತಣ್ಣಗಾಗುತ್ತದೆ, ಕೋಣೆಯ ಗಾಳಿಯಲ್ಲಿರುವ ತೇವ ಅದರ ಮೇಲೆ ಹನಿಗಟ್ಟುತ್ತದೆ. ಗೋಡೆಗೂ ತಗಡಿಗೂ ನಡುವೆ ಕೂದಲೆಳೆಯಷ್ಟು ಸಂದು ಇದ್ದರೆ ಆ ನೀರು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಒಣಗುವುದೇ ಇಲ್ಲ. ಸಂದು ಅರ್ಧ ಇಂಚಿಗಿಂತ ಹೆಚ್ಚಿದ್ದರೆ ಗಾಳಿ ಕೆಳಗಿನಿಂದ ಮೇಲಕ್ಕೆ ಹರಿದು ಒಣಗಿಸಿಬಿಡುತ್ತದೆ. ನಿನ್ನ ಅತ್ತೆ ಮನೆ ಉಡುಪಿ ಕಡೆ. ಅಲ್ಲಿಗೆ ಒಂದೆರಡು ಫಲಕ ಕೊಡಬೇಕು ಅನ್ನಿಸಿದರೆ ಒಂದು ಇಂಚೇ ಬಿಡಲಿ. ಸಮುದ್ರದ ಗಾಳಿಯಲ್ಲಿ ಉಪ್ಪು ಬೇರೆ ಇರುತ್ತದೆ, ಉಪ್ಪು ಕೂತ ತಗಡು ಬೇಸಿಗೆಯಲ್ಲೂ ತೇವ ಎಳೆದುಕೊಳ್ಳುತ್ತದೆ. ಅಲ್ಲಿ ಗಾಜು ಹಾಕಿ ಮುಚ್ಚಿಸುವುದೂ ಬೇಡ, ಒಳಗೆ ಸಿಕ್ಕಿದ ತೇವಕ್ಕೆ ಹೊರಗೆ ಬರಲು ದಾರಿಯಿರುವುದಿಲ್ಲ.

ಗೋಡೆಯನ್ನೂ ತಿಳಿದುಕೊ. ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಹಗುರವಾದ ಎ.ಎ.ಸಿ. ಬ್ಲಾಕಿನ ಗೋಡೆ ಹೆಚ್ಚು. ಡ್ರಿಲ್ ಮಾಡಿದಾಗ ಉದುರುವ ಪುಡಿ ಬೆಳ್ಳಗೆ, ಹಿಟ್ಟಿನಂತೆ ಮೃದುವಾಗಿದ್ದರೆ ಬ್ಲಾಕು, ಕೆಂಪಗಿದ್ದರೆ ಇಟ್ಟಿಗೆ, ಬೂದು ಬಣ್ಣದ ಗಟ್ಟಿ ಪುಡಿ ಬಂದು ಬಿಟ್ ಒಳಗಿಳಿಯಲು ಹಟ ಮಾಡಿದರೆ ಕಾಂಕ್ರೀಟ್. ಬ್ಲಾಕಿನ ಗೋಡೆಗೆ ಹ್ಯಾಮರ್ ಹಾಕದೆ ಬರೀ ತಿರುಗಿಸಿ ಕೊರೆಯಬೇಕು, ಅದಕ್ಕೆಂದೇ ಬರುವ ಉದ್ದನೆಯ ನೈಲಾನ್ ಪ್ಲಗ್ ಹಾಕಬೇಕು. ಇಟ್ಟಿಗೆಗೆ ಬಳಸುವ ಸಾಮಾನ್ಯ ಪ್ಲಗ್ಗು ಅಲ್ಲಿ ಕಚ್ಚುವುದಿಲ್ಲ. ಯಾವ ಗೋಡೆಯೇ ಆಗಲಿ, ಪ್ಲಗ್ ಪ್ಲಾಸ್ಟರ್ ದಾಟಿ ಒಳಗಿನ ಗಟ್ಟಿ ಭಾಗಕ್ಕೆ ಇಳಿದಿರಬೇಕು. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಕೊರೆಯಬೇಡ, ವೈರಿನ ಪೈಪು ಸಾಮಾನ್ಯವಾಗಿ ಅದೇ ದಾರಿಯಲ್ಲಿ ಹೋಗಿರುತ್ತದೆ. ಊರಿನ ಹಳೇ ಮನೆಯ ಮಣ್ಣಿನ ಗೋಡೆಯಾದರೆ ಈ ಯಾವುದೂ ನಡೆಯದು. ಅಲ್ಲಿ ಮೇಲಿನ ತೊಲೆಯಿಂದ ಸರಪಣಿ ಇಳಿಬಿಟ್ಟು ತೂಗುಹಾಕುವುದೇ ಸರಿ.

ಚಹಾದ ಪಿಂಗಾಣಿ ಫಲಕಕ್ಕೆ ಬೇರೆ ನಿಯಮ. ಅದಕ್ಕೆ ಬಿಸಿಲು ಏನೂ ಮಾಡದು, ಬಣ್ಣ ಮಾಸುವುದಿಲ್ಲ. ಆದರೆ ಅದು ಗಾಜು ಅನ್ನುವುದನ್ನು ಮರೆಯಬೇಡ. ಇಂಥ ಹಳೇ ಫಲಕಗಳ ಮೂಲೆಯ ತೂತುಗಳ ಸುತ್ತ ಲೇಪ ಹಾರಿ ಕಪ್ಪು ಮಚ್ಚೆ ಕಾಣುತ್ತದಲ್ಲ, ಅದು ಯಾರೋ ಸ್ಕ್ರೂವನ್ನು ಬಲವಾಗಿ ಬಿಗಿದ ಗುರುತು. ಬಾಗಿದರೂ ಲೇಪ ಸಿಡಿಯುತ್ತದೆ, ಆದ್ದರಿಂದ ಅಂಕುಡೊಂಕಾಗಿದೆ ಅಂತ ನೇರಮಾಡಲು ಹೋಗಬೇಡ. ನನ್ನ ಸಲಹೆ ಏನೆಂದರೆ ಅದರ ತೂತುಗಳಿಗೆ ಕೈಯೇ ಹಚ್ಚಬೇಡ. ಕೆಳಗೆ ಎರಡು ಎಲ್ ಆಕಾರದ ಸ್ಟೀಲ್ ಹಿಡಿಕೆ, ಮೇಲೆ ಎರಡು ಸಣ್ಣ ಕೊಕ್ಕೆ, ನಾಲ್ಕಕ್ಕೂ ಫಲಕ ತಾಗುವ ಕಡೆ ಪ್ಲಾಸ್ಟಿಕ್ ತೋಳು. ಕೆಳಗಿನವು ಹೊರುತ್ತವೆ, ಮೇಲಿನವು ಮುಂದಕ್ಕೆ ಬೀಳದಂತೆ ತಡೆಯುತ್ತವೆ. ಫಲಕ ನಡುವೆ ಸುಮ್ಮನೆ ಕೂತಿರುತ್ತದೆ. ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕನ್ನಡಿ ನಿಲ್ಲಿಸುವ ಹಿಡಿಕೆಗಳು ಸಿಗುತ್ತವೆ, ಅವನ್ನೇ ಬಳಸಬಹುದು. ಲೇಪ ಹಾರಿದ ಜಾಗದಲ್ಲಿ ಕಬ್ಬಿಣ ಕಾಣುತ್ತಿದ್ದರೆ ಬಣ್ಣ ಹಚ್ಚಿ ಮುಚ್ಚಬೇಡ, ಒಂದು ತೆಳು ಮೇಣ ಸವರಿದರೆ ಸಾಕು.

ಸಣ್ಣ ತಗಡುಗಳ ವಿಷಯದಲ್ಲಿ ನಿನಗೆ ಹೆಚ್ಚು ಸ್ವಾತಂತ್ರ್ಯವಿದೆ. ಮೆಕ್ಸಿಕೋದಲ್ಲಿ ಕಷ್ಟದಿಂದ ಪಾರಾದವರು ದೇವರಿಗೆ ಹರಕೆಯಾಗಿ ಸಣ್ಣ ತಗಡಿನ ಮೇಲೆ ಆ ಘಟನೆಯ ಚಿತ್ರ ಬರೆಸಿ ಚರ್ಚಿನ ಗೋಡೆಗೆ ಹಾಕುವ ಪದ್ಧತಿ ಇದೆ. ಚಿತ್ರಕಲಾವಿದೆ ಫ್ರಿಡಾ ಕಾಲೋ ಅಂಥವನ್ನು ಕೂಡಿಟ್ಟಿದ್ದಳು. ಮೆಕ್ಸಿಕೋ ನಗರದ ಕೊಯೊಅಕಾನ್‌ನಲ್ಲಿರುವ ಅವಳ ನೀಲಿ ಮನೆ ಈಗ ಸಂಗ್ರಹಾಲಯ, ಅಲ್ಲಿನ ಮೆಟ್ಟಿಲ ಪಕ್ಕದ ಗೋಡೆಯ ತುಂಬ ಅವು ಒತ್ತೊತ್ತಾಗಿ ತೂಗುತ್ತವೆ. ಅವಳೂ 1932ರಿಂದೀಚೆಗೆ ತನ್ನ ಕೆಲವು ಹೆಸರಾಂತ ಚಿತ್ರಗಳನ್ನು ತಗಡಿನ ಮೇಲೇ ಬರೆದಳು. ಸಣ್ಣ ತಗಡುಗಳನ್ನು ಒಂದೊಂದು ಗೋಡೆಗೆ ಒಂದೊಂದಾಗಿ ಹಂಚಿದರೆ ಕಳೆದುಹೋಗುತ್ತವೆ. ಗುಂಪಾಗಿ ಹತ್ತಿರ ಹತ್ತಿರ ಹಾಕಿದರೆ ಒಂದನ್ನು ನೋಡಿದ ಕಣ್ಣು ಇನ್ನೊಂದಕ್ಕೆ ಹೋಗುತ್ತದೆ.

ಗುಂಪಾಗಿ ಹಾಕಲು ಸುಲಭದ ದಾರಿ ಮರದ ದಂಡೆ. ಎರಡು ಇಂಚು ಅಗಲದ ಪಟ್ಟಿಯನ್ನು ಗೋಡೆಯುದ್ದಕ್ಕೂ ಕೂರಿಸಿ, ಅದರ ಮೇಲೆ ಮುಂದಿನ ಅಂಚಿಗೆ ಸಮಾನಾಂತರವಾಗಿ ಒಂದು ಕಾಲುವೆ ಕೊರೆಸು. ತಗಡುಗಳನ್ನು ಕಾಲುವೆಯಲ್ಲಿ ನಿಲ್ಲಿಸಿ ಹಿಂದಕ್ಕೆ ಒರಗಿಸಬಹುದು. ಮೊಳೆ ಇಲ್ಲ, ಅಂಟು ಇಲ್ಲ, ಬೇಕಾದಾಗ ಜಾಗ ಬದಲಿಸಬಹುದು. ತಲೆಯ ಭಾಗ ಗೋಡೆಗೆ ತಾಗುವ ಕಡೆ ಎರಡು ಪಾರದರ್ಶಕ ಗುಂಡಿ ಅಂಟಿಸು, ತಗಡಿಗಲ್ಲ, ಗೋಡೆಗೆ. ಮಕ್ಕಳು ಓಡಾಡುವ ಮನೆಯಾದರೆ ದಂಡೆ ಅವರ ಕೈಗೆಟುಕದಷ್ಟು ಮೇಲಿರಲಿ. ಕತ್ತರಿಸಿದ ತಗಡಿನ ಅಂಚು ಚಾಕುವಿನಷ್ಟೇ ಹರಿತ, ಬರಿಗೈಯಲ್ಲಿ ಎಳೆದಾಡಬೇಡ.

ಮ್ಯಾಗ್ನೆಟ್ ಬಗ್ಗೆ ನೀನೇ ಕೇಳಿದ್ದೆ. ಕಬ್ಬಿಣದ ಸಣ್ಣ ತಗಡಿಗೆ ಅದು ಒಳ್ಳೆಯ ಉಪಾಯವೇ: ಹಿಂದಿನ ಹಲಗೆಯಲ್ಲಿ ಮ್ಯಾಗ್ನೆಟ್ ಹುದುಗಿಸಿಟ್ಟರೆ ಮುಂದಿನಿಂದ ಏನೂ ಕಾಣದೆ ತಗಡು ತೇಲಿದಂತೆ ನಿಲ್ಲುತ್ತದೆ. ಆದರೆ ಪ್ಯಾಕೆಟ್ಟಿನ ಮೇಲೆ ಬರೆದಿರುವ ಕೆಜಿ ಲೆಕ್ಕ ದಪ್ಪ ಕಬ್ಬಿಣದಿಂದ ನೇರ ಮುಂದಕ್ಕೆ ಎಳೆದಾಗಿನದು. ಗೋಡೆಯ ಮೇಲಿನ ತಗಡು ಮುಂದಕ್ಕೆ ಬರುವುದಿಲ್ಲ, ಕೆಳಕ್ಕೆ ಜಾರುತ್ತದೆ. ಜಾರುವುದನ್ನು ತಡೆಯುವ ಶಕ್ತಿ ಅದರ ಕಾಲುಭಾಗವೂ ಇರುವುದಿಲ್ಲ, ತಗಡು ತೆಳ್ಳಗಾದಷ್ಟೂ ಹಿಡಿತ ಇನ್ನೂ ಕಡಿಮೆ. ಅದಕ್ಕೇ ಭಾರವನ್ನು ಕೆಳಗಿನ ಸಣ್ಣ ದಂಡೆಗೆ ಬಿಟ್ಟು, ಒರಗಿಸಿಕೊಳ್ಳುವ ಕೆಲಸ ಮಾತ್ರ ಮ್ಯಾಗ್ನೆಟ್ಟಿಗೆ ಕೊಡು. ಎರಡರ ನಡುವೆ ಒಂದು ತೆಳು ಪ್ಲಾಸ್ಟಿಕ್ ಹಾಳೆ ಇರಲಿ. ಆ ಬಿಳಿ ಹೊಳಪಿನ ನಿಯೋಡಿಮಿಯಂ ಮ್ಯಾಗ್ನೆಟ್ಟುಗಳು ಮಗುವಿನ ಕೈಗೆ ಸಿಗದಂತೆ ನೋಡಿಕೊ. ಒಂದಕ್ಕಿಂತ ಹೆಚ್ಚು ನುಂಗಿದರೆ ಕರುಳಿನ ಮಡಿಕೆಗಳ ಆಚೀಚೆಯಿಂದ ಒಂದನ್ನೊಂದು ಎಳೆದು ಪ್ರಾಣಕ್ಕೇ ಸಂಚಕಾರ ತರುತ್ತವೆ.

ಎರಡು ಬದಿಯ ಅಂಟಿನ ಟೇಪು, ಸಿಲಿಕೋನ್, ಫೆವಿಕಾಲ್, ಇವು ಮೂರನ್ನೂ ಮನೆಯ ಹೊಸಿಲ ಹೊರಗೇ ಇಡು. ಟೇಪು ಕಿತ್ತರೆ ಒಂದೋ ಗೋಡೆಯ ಬಣ್ಣ ಬರುತ್ತದೆ, ಇಲ್ಲವೇ ತಗಡಿನದು. ಹುಳಿ ವಾಸನೆ ಬರುವ ಸಿಲಿಕೋನ್ ಒಣಗುವಾಗ ಬಿಡುವುದು ಅಸಿಟಿಕ್ ಆಮ್ಲ, ಅದು ನೇರವಾಗಿ ಲೋಹವನ್ನು ತಿನ್ನುತ್ತದೆ.

ಎಲ್ಲಿ ಹಾಕಬೇಕು? ಅಂಗಡಿ ಬೋರ್ಡನ್ನು ಬಾಗಿಲ ಮೇಲೆ ಹಾಕು ಅನ್ನುತ್ತೇನೆ. ಅದು ಬೀದಿಯ ಆಚೆ ಬದಿಯಿಂದ ತಲೆಯೆತ್ತಿ ಓದಲೆಂದೇ ಬರೆದದ್ದು, ಅದರ ಅಕ್ಷರದ ಗಾತ್ರ, ನೆರಳು, ಅಂಚಿನ ಗೆರೆ ಎಲ್ಲ ಆ ದೂರದ ಅಳತೆಯಲ್ಲಿವೆ. ಸೋಫಾದ ಹಿಂದೆ ತಲೆಗೆ ತಾಗುವ ಹಾಗೆ ಹಾಕಿದರೆ ಅಕ್ಷರಗಳು ಬಡಿದಾಡುತ್ತವೆ. ಹಾಲಿನಿಂದ ಊಟದ ಮನೆಗೆ ಹೋಗುವ ಬಾಗಿಲಿನ ಮೇಲೆ ಆರು ಅಡಿ ಜಾಗ ಇದೆಯೇ ಅಳೆದು ನೋಡು. ಚಹಾದ ಫಲಕ ಮತ್ತು ಸಣ್ಣ ಚಿತ್ರಗಳು ಹತ್ತಿರ ನಿಂತು ನೋಡುವಂಥವು. ಅವುಗಳ ನಡುಭಾಗ ನೆಲದಿಂದ 145ರಿಂದ 150 ಸೆಂಟಿಮೀಟರ್ ಎತ್ತರದಲ್ಲಿದ್ದರೆ ನಿಂತವರ ಕಣ್ಣಿಗೆ ಸರಿಹೋಗುತ್ತದೆ. ಕೂತು ಹರಟುವ ಕೋಣೆಯಾದರೆ ಇನ್ನೊಂದಿಷ್ಟು ಇಳಿಸು.

ಬಚ್ಚಲಮನೆಯ ಗೋಡೆಯ ಆಚೆ ಬದಿ ಬೇಡ. ಮಳೆ ಹೊಡೆಯುವ ಪಶ್ಚಿಮದ ಹೊರಗೋಡೆ ಬೇಡ. ಅಡುಗೆಮನೆಯಲ್ಲಿ ಒಗ್ಗರಣೆಯ ಜಿಡ್ಡು ಕೂರುತ್ತದೆ, ದೇವರ ಕೋಣೆಯಲ್ಲಿ ದೀಪದ ಮಸಿ. ಏಸಿಯ ಗಾಳಿ ನೇರ ಬೀಸುವ ಕಡೆಯೂ ಬೇಡ. ಬೆಳಕಿನ ವಿಷಯದಲ್ಲಿ, ಬಣ್ಣ ಬಳಿದ ತಗಡುಗಳ ಮೇಲೆ ಕಿಟಕಿಯ ಬಿಸಿಲು ನೇರ ಬೀಳಬಾರದು. ಎಣ್ಣೆಬಣ್ಣದ ಚಿತ್ರಗಳ ಮೇಲೆ ಸಂಗ್ರಹಾಲಯಗಳು ಸಾಮಾನ್ಯವಾಗಿ 200 ಲಕ್ಸ್‌ಗಿಂತ ಹೆಚ್ಚು ಬೆಳಕು ಬಿಡುವುದಿಲ್ಲ. ಮನೆಯ ಲೆಕ್ಕದಲ್ಲಿ ಅದು ಪುಸ್ತಕ ಓದಲು ಸಾಕಾಗುವ ಹಿತವಾದ ಬೆಳಕು. ದೀಪವನ್ನು ಎದುರಿಗೆ ಇಡದೆ ಮೇಲಿನಿಂದ ಓರೆಯಾಗಿ ಬೀಳುವಂತೆ ಇಟ್ಟರೆ ತಗಡಿನ ಹೊಳಪು ಕಣ್ಣಿಗೆ ಹೊಡೆಯುವುದಿಲ್ಲ, ಬ್ರಷ್ಷಿನ ಎಳೆತವೂ ಎದ್ದು ಕಾಣುತ್ತದೆ.

ಇನ್ನು ತೊಳೆಯುವ ಮಾತು. ಸೀಮೆಎಣ್ಣೆ, ಥಿನ್ನರ್, ಪೀತಾಂಬರಿ, ಕೊಲಿನ್ ಯಾವುದನ್ನೂ ಮುಟ್ಟಿಸಬೇಡ. ಕೊಬ್ಬರಿ ಎಣ್ಣೆ ಸವರಿದರೆ ಅವತ್ತು ಹೊಳೆಯುತ್ತದೆ, ಆಮೇಲೆ ಧೂಳು ಹಿಡಿದು ಜಿಗುಟಾಗುತ್ತದೆ. ವಾರ್ನಿಷ್ ಹಳದಿಯಾಗುತ್ತದೆ, ತೆಗೆಯಲು ಹೋದರೆ ಬಣ್ಣವೂ ಬರುತ್ತದೆ. ಮೃದುವಾದ ಒಣ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಧೂಳು ತೆಗೆ. ಬಣ್ಣ ಗಟ್ಟಿಯಾಗಿ ಕೂತಿದೆ ಅಂತ ಖಾತ್ರಿಯಾದ ಕಡೆ ಮಾತ್ರ ಡಿಸ್ಟಿಲ್ಡ್ ನೀರಿನಲ್ಲಿ ಹಿಂಡಿದ ಹತ್ತಿಯಿಂದ ಒರೆಸಿ ತಕ್ಷಣ ಒಣಗಿಸು. ಹಿಂಬದಿಯ ಬರಿ ತಗಡಿಗೆ, ಸಡಿಲ ತುಕ್ಕು ಉದುರಿಸಿದ ಮೇಲೆ, ಮೈಕ್ರೋಕ್ರಿಸ್ಟಲೈನ್ ಮೇಣದ ತೆಳು ಲೇಪ ಕೊಟ್ಟರೆ ತೇವದಿಂದ ಕಾಯುತ್ತದೆ.

ಉಪ್ಪುಕಾಗದ ಹಾಕಿ ಉಜ್ಜುವುದಂತೂ ಖಂಡಿತ ಬೇಡ. ಬೋರ್ಡಿನ ಸೌಂದರ್ಯಕ್ಕಿಂತ ದೊಡ್ಡ ಕಾರಣ ಇದಕ್ಕಿದೆ. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನುವ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಎನಾಮಲ್ ಬಣ್ಣಗಳಲ್ಲಿ, ಅದರಲ್ಲೂ ಉಜ್ವಲ ಹಳದಿ, ಕಿತ್ತಳೆ, ಕೆಂಪಿನಲ್ಲಿ, ಸೀಸ ಹೇರಳವಾಗಿರಬಹುದು. ತಾತನ ಬೋರ್ಡಿನ ಹಿನ್ನೆಲೆಯೇ ಹಳದಿ. ಉಜ್ಜಿದ ಪುಡಿ ನೆಲಕ್ಕೆ ಬಿದ್ದು ತೆವಳುವ ಮಗುವಿನ ಬಾಯಿಗೆ ಹೋದರೆ ಮಿದುಳಿನ ಬೆಳವಣಿಗೆಗೇ ಕುತ್ತು. ಗಟ್ಟಿಯಾಗಿರುವ ಬಣ್ಣ ಗೋಡೆಯ ಮೇಲೆ ಸುಮ್ಮನಿದ್ದರೆ ಭಯವಿಲ್ಲ. ಆದರೆ ಪದರ ಎದ್ದು ಉದುರುತ್ತಿರುವ ತಗಡಿದ್ದರೆ ಅದನ್ನು ನೀನು ಮುಟ್ಟದೆ ತಿಳಿದವರಿಗೆ ತೋರಿಸು. ಕಲಾಕೃತಿಗಳನ್ನು ಸಂರಕ್ಷಿಸುವ ಇಂಟ್ಯಾಕ್ ಸಂಸ್ಥೆಯ ಕೇಂದ್ರ ಬೆಂಗಳೂರಿನಲ್ಲೇ ಇದೆ. ಬಡಗಿಗೂ ಪೇಂಟರಿಗೂ ಕೊಡುವ ಮೊದಲು ಅವರನ್ನು ಕೇಳು. ಮಾಸಿದ ಅಕ್ಷರದ ಮೇಲೆ ಹೊಸ ಬಣ್ಣ ತುಂಬಿಸುವ ಆಸೆ ಬಂದರೆ ತಡೆದುಕೊ. ಹಾಗೆ ತುಂಬಿಸಿದ ದಿನವೇ ಅದು ತಾತನ ಬೋರ್ಡಾಗಿ ಉಳಿಯುವುದಿಲ್ಲ.

ಮಳೆಗಾಲ ಕಳೆದು ದಸರಾ ಹೊತ್ತಿಗೆ ವರ್ಷಕ್ಕೊಮ್ಮೆ ಎಲ್ಲವನ್ನೂ ಇಳಿಸಿ ಹಿಂಬದಿ ನೋಡು. ಆಯುಧಪೂಜೆಗೆ ಹೇಗೂ ಮನೆ ಒರೆಸುತ್ತೀಯ. ಕಿತ್ತಳೆ ಬಣ್ಣದ ಹೊಸ ಚುಕ್ಕೆ ಕಂಡರೆ ಆ ಜಾಗ ಸರಿಯಿಲ್ಲ ಅಂತ ತಿಳಿದು ಬೇರೆ ಗೋಡೆಗೆ ಬದಲಾಯಿಸು. ಸುಲಭವಾಗಿ ಇಳಿಸುವ ಹಾಗಿರಲಿ ಅಂತ ಮೊದಲೇ ಹೇಳಿದ್ದು ಇದಕ್ಕೇ.

ಕೊನೆಯದಾಗಿ ಒಂದು ಕೆಲಸ ಮಾಡು. ಬೋರ್ಡಿನ ಬಲ ಕೆಳಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಏನೋ ಬರೆದು ಮುಂದೆ 'ಆರ್ಟ್ಸ್' ಅಂತ ಸಹಿ ಇದೆ, ನಿನ್ನ ಫೋಟೋದಲ್ಲಿ ಪೂರ್ತಿ ಓದಲಾಗಲಿಲ್ಲ. ಭೂತಗನ್ನಡಿ ಹಿಡಿದು ಓದು. ಫ್ಲೆಕ್ಸ್ ಬಂದ ಮೇಲೆ ಕೈಬರಹದ ಬೋರ್ಡಿನವರಲ್ಲಿ ಎಷ್ಟೋ ಮಂದಿ ಬ್ರಷ್ ಕೆಳಗಿಟ್ಟರು, ಬೇರೆ ಕೆಲಸ ಹಿಡಿದರು. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ, ಇಂಥ ಮೂಲೆಗಳಲ್ಲಿ ಮಾತ್ರ ಇದೆ. ಊರಿಗೆ ಹೋದಾಗ ಪೇಟೆ ಬೀದಿಯ ಹಳಬರನ್ನು ವಿಚಾರಿಸಿ ಆ ಪೇಂಟರ್ ಯಾರು, ಯಾವ ವರ್ಷ ಬರೆದದ್ದು, ಅಂಗಡಿ ಎಲ್ಲಿತ್ತು ಎಂಬುದನ್ನೆಲ್ಲ ಒಂದು ಕಾಗದದಲ್ಲಿ ಬರೆದು ಚೌಕಟ್ಟಿನ ಹಿಂದಿನ ಮರಕ್ಕೆ ಸಿಕ್ಕಿಸಿಡು. ಅವರು ಬದುಕಿದ್ದರೆ ಹೋಗಿ ಕಂಡು, ಬೋರ್ಡು ನಿನ್ನ ಮನೆಯಲ್ಲಿದೆ ಅಂತ ತಿಳಿಸಿ ಬಾ. ಈ ಕೆಲಸವನ್ನು ಮುಂದಕ್ಕೆ ಹಾಕಬೇಡ, ಆ ತಲೆಮಾರಿನವರಿಗೆ ವಯಸ್ಸಾಗಿದೆ.